ಕಲ್ಲೀಲಿ ಬೋರೆಗೆ ಆ ಹೆಸರು ಬಂದದ್ದು

ಹಿರಿಯೂರಿನಿಂದ ಪಡುವಲಕ್ಕೆ ಹೋಗೋ ಬಸ್ಸಿನಲ್ಲಿ ಎಡಗಡೆ ಕಿಟಕಿ ಸಿಕ್ಕರೆ, ಗಾಳಿ ಫ್ಯಾನುಗಳ ಸಾಲು ಮುಗಿದ ಮೇಲೆ ಒಂದು ಬೋಳು ಬೋರೆ ಕಾಣತ್ತೆ. ಅದನ್ನ ಗುಡ್ಡ ಅನ್ನೋದು ಬರೀ ಮರ್ಯಾದೆಗೆ. ಯುಗಾದಿ ಕಳೆದ ಕಡು ಬೇಸಿಗೇಲಿ ನೋಡಿದರೆ ಯಾವನೋ ಲಾರಿಯವನು ಮಣ್ಣು ಸುರಿದು ಮರೆತು ಹೋದ ಹಾಗಿರತ್ತೆ. ಆದರೆ ಮಳೆಗಾಲ ಕಳೀತಿದ್ದ ಹಾಗೆ ಅದರ ವೇಷವೇ ಬೇರೆ. ಸೊಂಟದೆತ್ತರ ಗಿಡ ಎದ್ದು, ಬುಡದಿಂದ ನೆತ್ತಿ ತನಕ ಹಳದಿ ಹೂವಾಗಿ, ಮದುವೆ ಹುಡುಗ ಹುಡುಗಿಯರೆಲ್ಲ ಕ್ಯಾಮೆರಾದವನನ್ನ ಕಟ್ಟಿಕೊಂಡು ಬಂದು ಅಲ್ಲಿ ಒಬ್ಬರ ಭುಜದ ಮೇಲೆ ಒಬ್ಬರು ಒರಗಿ ನಿಲ್ತಾರೆ. ಹೂ ಉದುರಿ ಕಾಯಿ ಒಣಗಿದ ಮೇಲೆ ಒಳಗಿನ ಬೀಜ ಗಾಳಿಗೆ ಗಿಲಿಗಿಲಿ ಅನ್ನತ್ತೆ. ಅದಕ್ಕೇ ಅದು ಗಿಲಿಗಿಚ್ಚಿ ಗಿಡ. ನೆತ್ತಿ ಮೇಲೆ ಗುಡಿಯಿಲ್ಲ, ಗೋಪುರವಿಲ್ಲ, ಎಮ್ಮೆ ಕೂತ ಹಾಗೆ ಒಂದು ಕರೀ ಬಂಡೆ ಇದೆ. ಅದೇ ಬೋರಪ್ಪ. ಪಂಚಾಯ್ತಿಯವರು ರಸ್ತೆ ಪಕ್ಕ ಹಾಕಿರೋ ಬೋರ್ಡಿನಲ್ಲಿ ಹೆಸರು ಸರಿಯಾಗೇ ಇದೆ: ಕಲ್ಲೀಲಿ ಬೋರೆ.

ಹೊರಗಿನವರು ಇದನ್ನ ಬಾಯಿಗೆ ಬಂದ ಹಾಗೆ ಅರ್ಥ ಮಾಡ್ತಾರೆ. ಕಲ್ಲಿನ ಇಲಿ ಇತ್ತಂತೆ ಅಂತ ಒಬ್ಬ, ಕಳ್ಳರ ಬೋರೆ ಅಂತ ಇನ್ನೊಬ್ಬ. ಬುಡದ ಹಟ್ಟಿಯ ಮುದುಕರನ್ನ ಕೇಳಿದರೆ ಅವರು ಮೊದಲು ನಗ್ತಾರೆ, ಆಮೇಲೆ ಈಲಿ ಅಂತಾರೆ. ಈಲಿ ಅಂದರೆ ಪುಸ್ತಕದಲ್ಲಿ ಯಕೃತ್ತು, ಮಟನ್ ಅಂಗಡೀಲಿ ಲಿವರ್. ಕುರಿಯ ಈಲಿ ಕಲ್ಲಾದ ಬೋರೆ ಇದು. ಈಗ ಫ್ಯಾನು ತಿರುಗೋ ಜಾಗದಲ್ಲೆಲ್ಲ ತೋಳ ತಿರುಗ್ತಿದ್ದ ಕಾಲದಲ್ಲಿ ಅದು ಹಾಗಾಯ್ತು ಅಂತಾರೆ.

ಆಗ ಹಟ್ಟಿ ಅಂದರೆ ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಹುಲ್ಲು ಹೊದಿಸಿದ ಗುಡಿಸಲು, ಅದಕ್ಕಿಂತ ದೊಡ್ಡದಾಗಿ ಕುರಿ ರೊಪ್ಪ. ಕುರಿಗೆ ಮೊದಲು ಜಾಗ, ಮಿಕ್ಕಿದ್ದರಲ್ಲಿ ಮನುಷ್ಯರು. ಸಂಕ್ರಾಂತಿ ಆದ ಹುಣ್ಣಿಮೆಗೆ ಇಡೀ ಹಟ್ಟಿ ಬೋರೆ ಹತ್ತತಿತ್ತು. ಬಂಡೆ ಮುಂದೆ ಒಂದು ಟಗರು ಕಡಿದು, ಈಲಿಯನ್ನ ಕೆಂಡದ ಮೇಲೆ ಸುಟ್ಟು ಯಜಮಾನನ ಕೈಗೆ ಕೊಡ್ತಿದ್ದರು. ಈಲಿ ಯಜಮಾನನ ಪಾಲು. ಬೇರೆ ಯಾರೂ, ಅದರಲ್ಲೂ ಹೆಂಗಸರು, ಅದನ್ನ ಬಾಯಿಗಿಡೋ ಹಾಗಿರಲಿಲ್ಲ. ಅದು ಮುಗಿದ ಮೇಲೆ ಕುರಿಗಳನ್ನ ಬೋರೆ ಮೇಲೆ ಬಿಟ್ಟರೆ ಇಳಿಸೋದು ಯುಗಾದಿಗೇ. ಕೆಳಗಡೆ ಎಲ್ಲ ಒಣಗಿ ಬಾಯಿ ಬಿಟ್ಟುಕೊಂಡಿದ್ದಾಗಲೂ ಬೋರೆ ಮೇಲೆ ಗಿಲಿಗಿಚ್ಚಿ ಒಂದು ಹಸಿರಾಗಿರ್ತಿತ್ತು. ಕಹಿ ಗಿಡ, ಕುರಿ ಇಷ್ಟಪಟ್ಟು ತಿನ್ನಲ್ಲ. ಬೇರೇನೂ ಸಿಗದಿದ್ದಾಗ ಮುಖ ಸಿಂಡರಿಸಿಕೊಂಡು ತಿನ್ನತ್ತೆ. ಬೋರೆ ಮೇಲೆ ಯಾವತ್ತೂ ಒಂದು ಕುರಿಯೂ ಸತ್ತಿರಲಿಲ್ಲ. ಸಾಯೋದೆಲ್ಲ ಕೆಳಗೆ ಬಂದ ಮೇಲೆ, ಮುಂಗಾರು ಹಿಡಿದಾಗ, ಹಟ್ಟಿ ಒಳಗೆ. ಹಾಗಾಗಿ ಲೆಕ್ಕ ಸುಲಭವಾಗಿತ್ತು: ಬೋರೆ ಪುಣ್ಯದ ಜಾಗ, ಹಟ್ಟೀಲಿ ಯಾರದೋ ಪಾಪ. ವಿಷ ಅನ್ನೋದು ತಿಂದ ಕೂಡಲೇ ಕೆಡವದೆ, ಒಳಗೆ ಬಿಡಾರ ಹೂಡಿ, ತಿಂಗಳುಗಟ್ಟಲೆ ಈಲಿಯನ್ನ ಮೇದು, ಆರಾಮಾಗಿ ಕೊಲ್ಲಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ಮುಂಗಾರಿನಲ್ಲಿ ಸಾವು ಎಂದಿನ ಹಾಗಿರಲಿಲ್ಲ. ಕುರಿಗಳ ಕಣ್ಣು ಅರಿಶಿನ ಮೆತ್ತಿದ ಹಾಗಾದವು. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಕಿವಿ ತುದಿ ಬಿಸಿಲಿಗೆ ಸುಲಿದು ಸಿಪ್ಪೆ ಎದ್ದಿತು. ಕೊನೆಗೆ ಹೊಟ್ಟೆ ಊದಿಸಿಕೊಂಡು ಬಿದ್ದು ಸಾಯ್ತಿದ್ದವು. ತಾನಾಗಿ ಸತ್ತ ಕುರಿಗೆ ಆ ಹಟ್ಟಿಯವರು ಕತ್ತಿ ಮುಟ್ಟಿಸ್ತಿರಲಿಲ್ಲ. ದೇವರ ಕೈ ಬಿದ್ದ ಮೇಲೆ ನಮ್ಮ ಕೈ ಬೀಳಬಾರದು ಅಂತ ಇಡಿಯಾಗೇ ಹೂಳ್ತಿದ್ದರು. ಹಾಗಾಗಿ ಒಳಗೇನಾಗಿದೆ ಅಂತ ಒಬ್ಬರೂ ನೋಡಿದವರಲ್ಲ. ಇಂಥ ಹೊತ್ತಿಗೇ ಅಂತ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದರು. ಅದರ ಹೆಸರು ಮೀಸಲು ಹಗ್ಗ. ಒಂದೊಂದು ಮನೆಯಿಂದ ಒಂದೊಂದು ಎಳೆ ಕರೀ ಉಣ್ಣೆ ತಂದು ಹೊಸೆದ ಉದ್ದನೆ ಹಗ್ಗ. ಅದನ್ನ ಬೋರೆಯ ಸುತ್ತ ಹಾಸಿ, ಹಾರದ ಹಾಗೆ ಮೇಲೆ ಕಲ್ಲಿಟ್ಟು, ಒಳಗೆ ಕುರಿಗಳನ್ನ ತುಂಬಿ, ಜೊತೆಗೆ ಒಬ್ಬರನ್ನ ಕೂರಿಸೋದು. ಯಾರ ಕುರಿ ಮೊದಲು ಸತ್ತಿತೋ ಅವರೇ ಕೂರಬೇಕು. ಒಳಗೆ ಕಬ್ಬಿಣ ಇಲ್ಲ, ಬೆಂಕಿ ಇಲ್ಲ, ಇನ್ನೊಬ್ಬ ಮನುಷ್ಯನ ನೆರಳಿಲ್ಲ. ಸಾವು ನಿಂತ ದಿನ ಹಗ್ಗ ಸುತ್ತಬೇಕು. ಸುತ್ತಿದ ಮೇಲೆ ಹಳೇ ಲೆಕ್ಕ ಮುಗಿದು ಹೊಸ ಲೆಕ್ಕ ಶುರು. ಸಾವು ನಿಲ್ಲದಿದ್ದರೆ ಏನು ಅಂತ ಹಿರಿಯರು ಹೇಳಿರಲಿಲ್ಲ. ಅವರು ಯಾರೂ ಒಳಗೆ ಕೂತವರಲ್ಲ.

ಮೊದಲು ಸತ್ತದ್ದು ಬಾಲಕ್ಕ ಅನ್ನೋ ಸೊಸೆ ತವರಿನಿಂದ ಬಳುವಳಿಯಾಗಿ ಹೊಡೆದುಕೊಂಡು ಬಂದ ಕುರಿ. ಬಾಲಕ್ಕನಿಗೆ ಆಗ ಸಣ್ಣಿ ಅನ್ನೋ ಕೂಸು, ಆಗಷ್ಟೇ ಮೊಲೆ ಬಿಟ್ಟು ಗೋಡೆ ಹಿಡಿದು ಓಡಾಡೋದು. ಹಟ್ಟಿಯ ಯಜಮಾನ ಕ್ಯಾತಯ್ಯ ಅವಳ ಮಾವನ ಅಣ್ಣ, ಅಂದರೆ ದೊಡ್ಡಮಾವ. ಕಟ್ಟೆ ಮೇಲೆ ಕೂತು ಅವನು ಅಪ್ಪಣೆ ಕೊಟ್ಟಾಗ ಅವಳ ಗಂಡ ಮಾರಯ್ಯ ಬಾಯಿ ತೆರೆದ. ದೊಡ್ಡಪ್ಪ ತಿರುಗಿ ನೋಡಿದ. ಮಾರಯ್ಯ ಬಾಯಿ ಮುಚ್ಚಿಕೊಂಡು, ಮಾರನೇ ದಿನವೇ ಮೇಕೆ ಮಂದೆ ಹೊಡೆದುಕೊಂಡು ತೆಂಕಲಿಗೆ ಹೋದ. ಅವನು ಈ ಕಥೆಯಲ್ಲಿ ಮಾಡಿದ ಘನಂದಾರಿ ಕೆಲಸ ಅಷ್ಟೇ. ಬಾಲಕ್ಕ ಅತ್ತೆಯ ಸೊಂಟಕ್ಕೆ ಕೂಸನ್ನ ದಾಟಿಸಿ ಹಗ್ಗದೊಳಗೆ ಕಾಲಿಟ್ಟಳು. ಬೆರಳು ಗಾತ್ರದ ಹಗ್ಗ, ಮೊಲವೂ ಹಾರಬಹುದು. ಆದರೆ ಹಾರಿದರೆ ಅವಳಿಗೆ ಹಟ್ಟಿಯಿಲ್ಲ, ತವರಿಲ್ಲ, ಕೂಸಂತೂ ಇಲ್ಲವೇ ಇಲ್ಲ. ಕುರಿಗಳಿಗೆ ಮಾತ್ರ ಸುತ್ತ ಮುಳ್ಳಿನ ಬೇಲಿ ಹಾಕಿದ್ದರು, ಯಾಕೆಂದರೆ ಅವಕ್ಕೆ ಶಾಸ್ತ್ರ ಗೊತ್ತಿರಲಿಲ್ಲ.

ಊಟ ತರ್ತಿದ್ದವಳು ಅತ್ತೆ ಗಿರಿಯವ್ವ. ಮಡಕೆಯನ್ನ ಹಗ್ಗದ ಹತ್ತಿರ ಇಟ್ಟು, ಉದ್ದ ಕೋಲಿನಿಂದ ಒಳಗೆ ನೂಕಿ, ಆಚೆ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕ್ಕೊತಿದ್ದಳು.

"ಏನೇ ಬಾಲಿ, ಬದುಕಿದೀಯಾ?"

"ಹೂಂ ಅತ್ತೆ, ನಿಮ್ ಸಾರು ಉಂಡ್ರೂ ಬದುಕಿವ್ನಿ."

"ನಾಲಿಗೆ ಇಷ್ಟು ಉದ್ದ ಐತಲ್ಲ, ಅಂಗಾರೆ ನೀ ಸಾಯಾಕಿಲ್ಲ ಬಿಡು."

"ಸಣ್ಣಿ ಏನ್ಮಾಡ್ತೈತೆ?"

ಗಿರಿಯವ್ವ ಸುಣ್ಣ ತೀಡೋದರಲ್ಲಿ ಮುಳುಗಿದ ಹಾಗೆ ಮಾಡಿದಳು. "ಉಣ್ತೈತೆ, ಮಲಗ್ತೈತೆ. ನನ್ನೇ ಅವ್ವ ಅಂತೈತೆ ಕಣೆ. ಅಜ್ಜಿ ಅನ್ನು ಅಂತ ಬೈದೆ. ಬೈದ್ರೂ ಅಂಗೇ ಅಂತೈತೆ. ನಾನೇನ್ ಮಾಡ್ಲಿ."

ಬಾಲಕ್ಕ ಮುದ್ದೆ ಮುರೀತಿದ್ದವಳು ಮುರಿದ ಚೂರನ್ನ ಹಾಗೇ ವಾಪಸ್ಸಿಟ್ಟಳು. ಕೂಸನ್ನ ಹಗ್ಗದ ಹತ್ತಿರ ತರೋ ಹಾಗಿರಲಿಲ್ಲ, ಸಾವಿನ ಗಾಳಿ ತಗುಲತ್ತೆ ಅಂತ. ನೆತ್ತಿ ಮೇಲೆ ನಿಂತರೆ ಹಟ್ಟಿ ಅಂಗಳ ಕಾಣ್ತಿತ್ತು. ಅಲ್ಲಿ ಓಡಾಡೋ ಚಿಕ್ಕ ಚುಕ್ಕೆಗಳಲ್ಲಿ ಯಾವುದು ಸಣ್ಣಿ, ಯಾವುದು ಕೋಳಿ ಅಂತ ಗುರುತು ಹಿಡಿಯೋದು ಅವಳ ದಿನದ ಕೆಲಸವಾಯ್ತು. ಮಳೆಗಾಲ ಪೂರ್ತಿ ಹಾಗೇ ಹೋಯ್ತು. ಅಷ್ಟು ದಿನ ಹುಲ್ಲಿತ್ತು. ಆದರೂ ಆಗೊಂದು ಈಗೊಂದು ಕುರಿ ಸಾಯ್ತಾನೇ ಇತ್ತು. ಅವಳೇ ಕೋಲಿನಲ್ಲಿ ಗುಂಡಿ ತೋಡಿ ಹೂತು, ಕೆಳಗಿನವರಿಗೆ ಕೇಳೋ ಹಾಗೆ ಕೂಗಿ ಹೇಳಬೇಕು. ಒಂದೊಂದು ಕೂಗೂ ಅವಳ ಸೆರೆಯನ್ನ ಅವಳೇ ಉದ್ದ ಮಾಡಿಕೊಂಡ ಹಾಗೆ.

ದಸರೆ ಹೊತ್ತಿಗೆ ಹುಲ್ಲು ಬೋಳಾಯ್ತು. ಬೇಲಿಯೊಳಗೆ ಹಸಿರು ಅಂತ ಉಳಿದದ್ದು ಗಿಲಿಗಿಚ್ಚಿ ಒಂದೇ. ಮೊದಮೊದಲು ಕುರಿಗಳು ಅದನ್ನ ಮೂಸಿ ಸೀನಿ ತಿರುಗಿ ಹೋಗ್ತಿದ್ದವು. ಹಸಿವು ಜಾಸ್ತಿಯಾದ ಮೇಲೆ ಎಲೆ ಕಿತ್ತವು, ಆಮೇಲೆ ಹೂ, ಆಮೇಲೆ ಕಾಯಿ. ಕಾಯಿ ಒಣಗೋ ಕಾಲಕ್ಕೆ ಬೋರೆಗೆ ಬೋರೆಯೇ ಗಿಲಿಗಿಲಿ ಅಂತ ಸದ್ದು ಮಾಡಬೇಕಿತ್ತು. ಆ ವರ್ಷ ದಿನದಿಂದ ದಿನಕ್ಕೆ ಸದ್ದು ಕಮ್ಮಿಯಾಗ್ತಾ ಬಂತು. ಸದ್ದು ನಿಂತ ಕಡೆಯೆಲ್ಲ ಬರೀ ಮೋಟುಕಡ್ಡಿ. ಇನ್ನೊಂದು ವಿಚಿತ್ರವೂ ಶುರುವಾಯ್ತು. ಕೆಲವು ಕುರಿಗಳು ದಿಕ್ಕು ತಪ್ಪಿದ ಹಾಗೆ ಬಂಡೆಯ ಸುತ್ತ ಸುತ್ತೋದು, ಸುತ್ತಿ ಸುತ್ತಿ ಬಂಡೆಗೆ ಹಣೆ ಒತ್ತಿಕೊಂಡು ಹೊತ್ತು ಮುಳುಗೋವರೆಗೂ ನಿಲ್ಲೋದು. ಕೆಳಗಿನಿಂದ ನೋಡಿದ ಹಟ್ಟಿಯವರು ಕೈ ಮುಗಿದರು. ಪಶುಗಳೂ ಬೋರಪ್ಪನಿಗೆ ಪ್ರದಕ್ಷಿಣೆ ಹಾಕಿ ಹಣೆ ಹಚ್ಚುತಾವೆ ಅಂತ ಸುದ್ದಿ ಹಬ್ಬಿ, ಪಕ್ಕದೂರಿನವರೂ ಬಂದು ಹಗ್ಗದಾಚೆ ನಿಂತು ಕಾಯಿ ಒಡೆದು ಹೋದರು. ಕ್ಯಾತಯ್ಯನ ಮುದ್ದಿನ ಕೆಂಚ ಟಗರು, ಗುದ್ದಾಟದಲ್ಲಿ ಸುತ್ತಮುತ್ತ ಹೆಸರು ಮಾಡಿದ್ದು, ಅದೂ ಒಂದು ದಿನ ಬಂಡೆ ಸುತ್ತೋಕೆ ಶುರು ಮಾಡಿದಾಗ ಯಜಮಾನನ ಕಣ್ಣಲ್ಲಿ ನೀರು ಬಂತು. ಹಾಗೆ ಹಣೆ ಹಚ್ಚಿದ ಭಕ್ತರೆಲ್ಲ ಎಂಟು ಹತ್ತು ದಿನದಲ್ಲಿ ಸಾಯ್ತಾರೆ ಅನ್ನೋದು ಬಾಲಕ್ಕನಿಗೆ ಮಾತ್ರ ಗೊತ್ತಿತ್ತು, ಯಾಕೆಂದರೆ ಹೂಳ್ತಿದ್ದವಳು ಅವಳು. ಅದನ್ನ ಹೇಳಿದ್ದಕ್ಕೆ ಬಂದ ಉತ್ತರ: ದೇವರು ಕರಕೊಳ್ತಾ ಇದಾನೆ, ನೀನು ಬಾಯಿ ಮುಚ್ಚಿಕೊಂಡು ಕೂತ್ಕೊ.

ಒಂದು ದಿನ ಬೆಳಿಗ್ಗೆ ಎದ್ದರೆ, ಹಿಂದಿನ ದಿನ ಹೂತ ಕುರಿಯನ್ನ ನರಿ ಬಗೆದು ಹಾಕಿತ್ತು. ತೊಡೆ ತಿಂದಿದೆ, ಕರುಳು ತಿಂದಿದೆ, ಗುಂಡಿಗೆ ತಿಂದಿದೆ. ಈಲಿ ಮಾತ್ರ ಹಾಗೇ ಬಿದ್ದಿದೆ. ನರಿ ಈಲಿ ಬಿಡೋದು ಅಂದರೆ ಕೂಸು ಬೆಲ್ಲ ಉಗುಳಿದ ಹಾಗೆ. ಬಾಲಕ್ಕ ಹತ್ತಿರ ಹೋಗಿ ಕೂತಳು. ನೇರಳೆ ಹಣ್ಣಿನ ಹಾಗೆ ನುಣ್ಣಗೆ ಮಿರುಗಬೇಕಾದ ಈಲಿ ಮುದುಡಿಕೊಂಡು, ಬೂದಿ ಬಣ್ಣಕ್ಕೆ ತಿರುಗಿ, ಮೈಯೆಲ್ಲ ಗಂಟು ಗಂಟಾಗಿತ್ತು. ನರಿಯ ಹಲ್ಲು ತಾಗಿದ ಗೀರು ಅಷ್ಟೇ ಇತ್ತು, ಒಳಗೆ ಇಳಿದಿರಲಿಲ್ಲ. ಬೆನ್ನಿನ ಒಳಗೆ ಅಂಟಿಕೊಂಡಿರೋ ಎರಡು ಮೂತ್ರಪಿಂಡವೂ ಉಳಿದಿದ್ದವು. ನೆನೆಹಾಕಿದ ಅವರೆಕಾಳಿನ ಹಾಗೆ ಊದಿ ಬಿಳಿಚಿಕೊಂಡಿದ್ದವು. ಅವಳು ಈಲಿಯನ್ನ ಎತ್ತಿ ಕಲ್ಲಿಗೆ ಕುಟ್ಟಿದಳು. ಅದು ಮಾಂಸದ ಸದ್ದು ಮಾಡಲಿಲ್ಲ, ಟೊಕ್ ಅಂದಿತು.

ಅವತ್ತಿಡೀ ಅವಳು ಒಂದೊಂದೇ ಕುರಿ ಹಿಡಿದು ಕಣ್ಣಿನ ಕೆಳರೆಪ್ಪೆ ಬಗ್ಗಿಸಿ ನೋಡಿದಳು. ಮೈ ತುಂಬಿಕೊಂಡು ಚೆನ್ನಾಗಿ ಕಾಣೋವೂ ಒಳಗೆ ಹಳದಿ. ಇಡೀ ಮಂದೇಲಿ ಕೆಂಪಾಗಿದ್ದದ್ದು ಒಂದೇ ಕುರಿಯ ಕಣ್ಣು. ಅದು ಕುಂಟಿ, ಸತ್ತ ಬಳುವಳಿ ಕುರಿಯ ಮರಿ. ಹಿಂಗಾಲು ಮುರಿದು ಸೊಟ್ಟಗೆ ಕೂಡಿಕೊಂಡಿದ್ದರಿಂದ ಅದಕ್ಕೆ ಗಿಡ ಇರೋ ಏರಿಗೆ ಹತ್ತೋಕೆ ಆಗ್ತಿರಲಿಲ್ಲ. ಬೇಲಿ ಮೂಲೆಯ ಜಾಲಿ ಮರದ ಕೆಳಗೇ ಬಿದ್ದಿದ್ದು, ಉದುರಿದ ಕಾಯಿ ತಿಂದುಕೊಂಡು, ಅವಳ ಸೆರಗು ಅಗೀತಾ ಇರ್ತಿತ್ತು. ರಾತ್ರಿ ಚಳಿಗೆ ಅವಳು ಒರಗಿ ಮಲಗ್ತಿದ್ದದ್ದೂ ಅದಕ್ಕೇ. ಬಾಲಕ್ಕ ಕುಂಟಿಯನ್ನ ನೋಡಿದಳು, ಏರಿನ ಮೇಲಿನ ಮೋಟುಕಡ್ಡಿಗಳನ್ನ ನೋಡಿದಳು. ಸಾವು ನಿಲ್ಲೋವರೆಗೂ ಕುರಿಗಳು ಬೋರೆ ಮೇಲಿರಬೇಕು. ಬೋರೆ ಮೇಲಿರೋವರೆಗೂ ಸಾವು ನಿಲ್ಲೋದಿಲ್ಲ. ಹಗ್ಗಕ್ಕೆ ತುದಿಯೇ ಇಲ್ಲ.

ಗಿರಿಯವ್ವ ಬಂದಾಗ ಅವಳು ಎಲ್ಲ ಹೇಳಿ, ಈಲಿಯನ್ನ ತೋರಿಸಿದಳು. ಗಿರಿಯವ್ವ ಮೂಗಿಗೆ ಸೆರಗು ಒತ್ತಿಕೊಂಡು ಬಗ್ಗಿ ನೋಡಿದಳು.

"ನಿನ್ ಮಾತು ನಿಜವೇ ಇರ್ಬೋದು ಕಣೆ. ಆದ್ರೆ ಯಾರ್ ಕೇಳ್ತಾರೆ? ನರಿ ದೇವರಿಗೆ ಹೆದರಿ ಬಿಟ್ಟೈತೆ ಅಂತಾರೆ. ಈಲಿ ಕಲ್ಲಾಗೈತೆ ಅಂತ ನಾನು ಕಟ್ಟೆ ಮುಂದೆ ಹೇಳಿದ್ರೆ, ನಿಂಗೆ ಈಲಿ ರುಚಿ ಎಂಗೊತ್ತು ಮುದುಕಿ ಅಂತಾನೆ ನಮ್ ಭಾವ. ಆ ಪಾಲು ಅವನದಲ್ವಾ. ತಿಂದು ನೋಡ್ಲಿ ಅವನೇ."

ಹೇಳಿ ಅವಳು ಎಲೆಅಡಿಕೆ ಉಗುಳೋಕೆ ತಿರುಗಿದಳು. ಮತ್ತೆ ಈಕಡೆ ತಿರುಗಿದಾಗ ಸೊಸೆ ಅವಳನ್ನೇ ನೋಡ್ತಾ ಇದ್ದಳು. ಎಲ್ಲ ವರ್ಷವೂ ಟಗರು ಕಡಿಯೋದು ಕುರಿ ಬೋರೆ ಹತ್ತಿದ ದಿನ, ಇನ್ನೂ ಒಂದು ಎಲೆ ಬಾಯಿಗೆ ಬೀಳೋ ಮೊದಲು. ಈ ವರ್ಷ ಮಾತ್ರ ಕುರಿಗಳು ತಿಂಗಳುಗಟ್ಟಲೆ ಮೇಲೇ ಇವೆ. ಮತ್ತೆ, ಹಗ್ಗದೊಳಗಿನ ಟಗರನ್ನ ಆರಿಸಿ ಆಚೆ ಎತ್ತಿಕೊಡೋ ಹಕ್ಕು ಒಳಗೆ ಕೂತವಳದು.

ಸಂಕ್ರಾಂತಿ ಕಳೆದ ಹುಣ್ಣಿಮೆಗೆ ಹಟ್ಟಿ ಹಗ್ಗದ ತನಕ ಬೋರೆ ಹತ್ತಿತು. ಮಗುವನ್ನ ತರಬಾರದು ಅಂದಿದ್ದರೂ ಗಿರಿಯವ್ವ ಸೊಂಟದಲ್ಲಿ ಹೊತ್ತು ತಂದು, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಬಾಲಕ್ಕ ಆ ಕಡೆ ನೋಡದೆ ಒಂದು ಟಗರನ್ನ ಹಿಡಿದಳು. ನೋಡೋಕೆ ಭರ್ತಿ ಹೊಟ್ಟೆ, ಗುಂಡು ಗುಂಡಾಗಿತ್ತು. ಜನ ಮೆಚ್ಚಿ ತಲೆಯಾಡಿಸಿದರು. ಹಗ್ಗದಾಚೆ ಅದನ್ನ ಕಡಿದು ಹೊಟ್ಟೆ ಸೀಳಿದರೆ, ಒಳಗಿದ್ದದ್ದು ಕೊಬ್ಬಲ್ಲ, ಕೊಡ ಒಡೆದ ಹಾಗೆ ಹಳದಿ ನೀರು. ಸೀಳಿದವನು ಹಿಂದಕ್ಕೆ ಹಾರಿದ. ಈಲಿ ಬಂತು, ಬೂದಿ ಬಣ್ಣದ್ದು. ಯಾರೂ ಏನೂ ಹೇಳಲಿಲ್ಲ, ಯಾಕೆಂದರೆ ಅದು ಯಜಮಾನನ ಪಾಲು, ಅದರ ಬಗ್ಗೆ ಮಾತಾಡೋದು ಬೇರೆಯವರ ಕೆಲಸವಲ್ಲ. ಕೆಂಡದ ಮೇಲೆ ಇಟ್ಟರು. ಸಿಡೀಲಿಲ್ಲ, ಎಣ್ಣೆ ಬಿಡಲಿಲ್ಲ, ಘಮ್ ಅನ್ನಲಿಲ್ಲ. ಕ್ಯಾತಯ್ಯ ಬೋರಪ್ಪನಿಗೆ ಕೈ ಮುಗಿದು, ವರ್ಷವಿಡೀ ಕಾದ ರುಚಿಗೆ ಬಾಯಿ ಅಗಲ ಮಾಡಿ ಕಚ್ಚಿದ. ಅವನ ಬಾಯಲ್ಲಿ ಅಗಿಯೋಕೆ ಅಂತ ಉಳಿದಿದ್ದದ್ದು ಒಂದು ಹಲ್ಲು. ಕಟ್ ಅಂದ ಸದ್ದು ಹಿಂದೆ ನಿಂತಿದ್ದ ಗಿರಿಯವ್ವನಿಗೂ ಕೇಳಿಸ್ತು ಅಂತಾರೆ. ಯಜಮಾನ ಅಂಗೈಗೆ ಉಗುಳಿ ನೋಡಿದ. ಹಲ್ಲು ಮುರಿದಿತ್ತು, ಈಲಿ ಮುರಿದಿರಲಿಲ್ಲ.

"ಕಲ್ಲು," ಅಂದ ಅವನು. ತುಟಿ ಒರೆಸಿಕೊಂಡು ಜನರ ಮುಖ ನೋಡಿದ. ಅವನ ಗಂಟಲಿಗೆ ಯಜಮಾನಿಕೆ ವಾಪಸ್ ಬಂತು. "ದೇವರು ಮುನಿದವ್ನೆ. ನನ್ ಪಾಲ್ನ ಕಲ್ಲು ಮಾಡವ್ನೆ. ಒಳಗೆ ಕುಂತಿರೋಳ್ದು ಏನೋ ದೋಷ ಐತೆ. ಹಗ್ಗ ಇನ್ನೊಂದು ವರ್ಷ ಇರ್ಲಿ."

ಬಾಲಕ್ಕ ಇದನ್ನ ನಿರೀಕ್ಷೆ ಮಾಡಿದ್ದಳು. ಇದಕ್ಕೆ ಮುಂದಿನ ಹೆಜ್ಜೆ ಏನು ಅಂತ ಅವಳಿಗೆ ವಾರದಿಂದ ಗೊತ್ತಿತ್ತು, ಅದೊಂದು ಬೇಡದಿರಲಿ ಅಂತ ಬೋರಪ್ಪನಿಗೇ ಹೇಳಿಕೊಂಡಿದ್ದಳು. ಬೋರಪ್ಪ ಬಂಡೆ, ಬಂಡೆ ಹಾಗೇ ಇದ್ದ. ಅವಳು ಜಾಲಿ ಮರದ ಕೆಳಗೆ ಹೋಗಿ ಕುಂಟಿಯನ್ನ ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದು ಅಭ್ಯಾಸದಂತೆ ಅವಳ ಸೆರಗು ಬಾಯಿಗೆ ಹಾಕಿಕೊಂಡಿತು. ಹಗ್ಗದ ಹತ್ತಿರ ಬಂದು ಸೆರಗು ಬಿಡಿಸಿಕೊಂಡಳು.

"ದೊಡ್ಡಮಾವ, ದೋಷ ನಂದಾದ್ರೆ ನನ್ ಕುರೀದೂ ಕಲ್ಲೇ ಇರ್ಬೇಕು. ಇದು ನನ್ ಬಳುವಳೀದು. ನನ್ ಪಕ್ಕಾನೇ ಮಲಗಿದ್ದು. ಕಡೀರಿ."

ಕಡಿದರು. ಬಾಲಕ್ಕ ಆ ಹೊತ್ತು ಬಂಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಈಲಿ ಕೈಯಲ್ಲಿ ಹಿಡಿಯೋಕಾಗದಷ್ಟು ನುಣ್ಣಗೆ ಜಾರ್ತಿತ್ತು. ಮೂತ್ರಪಿಂಡ ಎರಡೂ ಕೆಂಪಗೆ ಗಟ್ಟಿಯಾಗಿದ್ದವು. ಕೆಂಡಕ್ಕಿಟ್ಟ ಕೂಡಲೇ ಚುರ್ ಅಂದು, ಜನರ ಬಾಯಲ್ಲೆಲ್ಲ ನೀರು ಬಂತು. ಯಜಮಾನ ಬರೀ ವಸಡಿನಲ್ಲೇ ಜಗಿದು ನುಂಗಿದ. ನುಂಗಿದ ಮೇಲೆ ಚೆನ್ನಾಗಿಲ್ಲ ಅನ್ನೋ ಹಾಗಿರಲಿಲ್ಲ. ಆಗ ಬಾಲಕ್ಕ ಹೇಳಿದಳು: ಇದು ಜಾಲಿಕಾಯಿ ತಿಂದದ್ದು, ಮಿಕ್ಕವೆಲ್ಲ ಗಿಲಿಗಿಚ್ಚಿ ತಿಂದವು. ಕಣ್ಣರೆಪ್ಪೆ ಬಗ್ಗಿಸಿ ನೋಡ್ಕೊಳ್ಳಿ. ಜನ ತಡೀಲಿಲ್ಲ. ಬೇಲಿಯ ಆಚೆಯಿಂದಲೇ ಕೈ ತೂರಿಸಿ ತಂತಮ್ಮ ಕುರಿಗಳ ಕಣ್ಣು ನೋಡಿಕೊಂಡು, ನಮ್ದೂ ಹಳದಿ, ನಿಮ್ದೂ ಹಳದಿ ಅಂತ ಮಾತಾಡಿಕೊಳ್ಳೋಕೆ ಶುರು ಮಾಡಿದರು. ಕುರಿ ಕೆಳಗಿಳಿಸಿ ಅಂತ ಹಿಂದಿನಿಂದ ಒಂದು ಗಂಟಲು ಬಂತು. ಅದು ಗಿರಿಯವ್ವಂದು ಅಂತ ಎಲ್ಲರಿಗೂ ಗೊತ್ತಾಯ್ತು.

ಕ್ಯಾತಯ್ಯ ಕೈಯೆತ್ತಿದ. "ಇಳಿಸಿದ್ರೆ ಸಾವು ನಿಲ್ತೈತೇನವ್ವ? ಅದನ್ನ ಹೇಳು. ಶಾಸ್ತ್ರ ಇರೋದು ಅಷ್ಟೇ. ಸಾವು ನಿಂತ್ರೆ ಹಗ್ಗ ಸುತ್ತದು."

ಇಲ್ಲಿ ಬಾಲಕ್ಕ ಸಿಕ್ಕಿಕೊಂಡಳು. ಹೂಂ ಅಂದರೆ ಈಗಲೇ ಆಚೆ ಬರಬಹುದು, ಕೂಸನ್ನ ಎತ್ತಿಕೊಳ್ಳಬಹುದು. ಆದರೆ ಹೊಟ್ಟೆಯೊಳಗೆ ಈಲಿ ಕಲ್ಲಾಗಿರೋ ಕುರಿಗಳು ಕೆಳಗೆ ಹೋದ ಮಾತ್ರಕ್ಕೆ ನೆಟ್ಟಗಾಗಲ್ಲ. ಬರೋ ಮುಂಗಾರಿನ ತನಕ ಒಂದೊಂದೇ ಬೀಳ್ತಾವೆ, ಆಗ ಸುಳ್ಳು ಹೇಳಿದವಳು ಅಂತ ಅವಳನ್ನ ಮತ್ತೆ ತಂದು ಇದೇ ಹಗ್ಗದೊಳಗೆ ತಳ್ತಾರೆ. ಇಲ್ಲ ಅಂದರೆ ಇವತ್ತೇ ಒಳಗೇ ಉಳೀಬೇಕು. ಹಿಂದೆ ಎಲ್ಲೋ ಸಣ್ಣಿ ಕೆಮ್ಮಿದ ಸದ್ದು ಬಂತು. ಬಾಲಕ್ಕ ಆ ಕಡೆ ನೋಡಿದಳು, ಆಮೇಲೆ ಬಂಡೆಯ ಕಡೆ ನೋಡಿದಳು. ಅಲ್ಲಿ ಯಜಮಾನನ ಕೆಂಚ ಟಗರು ಬೆಳಿಗ್ಗೆಯಿಂದ ಬೋರಪ್ಪನಿಗೆ ಹಣೆ ಒತ್ತಿಕೊಂಡು ನಿಂತಿತ್ತು.

"ನಿಲ್ಲಲ್ಲ ದೊಡ್ಡಮಾವ. ತಿಂದಿರೋವು ಸಾಯ್ತವೆ. ಕೆಳಗೋದ್ರೂ ಸಾಯ್ತವೆ. ತಿನ್ನೋದು ನಿಂತ್ರೆ ಮುಂದಿನ ಮರಿಗಳು ಉಳ್ಕೊಳ್ತವೆ, ಅಷ್ಟೇ."

"ಅಂಗಾರೆ ಹಗ್ಗ ಇರ್ಲಿ."

"ಇರ್ಲಿ. ಹಗ್ಗ ಇದ್ರೆ ಕುರೀನೂ ಒಳಗೇ ಇರ್ಬೇಕಲ್ಲ, ಒಂದೂ ಉಳಿಯಾಕಿಲ್ಲ. ಈ ಜನ ಒಪ್ಪಿದ್ರೆ ನಂದೇನಿಲ್ಲ. ಇಲ್ಲ, ಹಗ್ಗ ಸುತ್ತಿ ಇಳಿಸ್ತೀರಾ, ಅಂಗೂ ಆಗ್ಲಿ. ಸುತ್ತಿದ್ ಮ್ಯಾಲೆ ಹೊಸ ಲೆಕ್ಕ ಅಲ್ವಾ? ಹೊಸ ಲೆಕ್ಕಕ್ಕೆ ಮೊದಲ ಸಾವು ಯಾರದು ಅಂತ ನಂಗೊತ್ತೈತೆ. ಬಂಡೆಗೆ ಹಣೆ ಹಚ್ಚಿದ್ದು ಹತ್ತು ದಿನದ ಮ್ಯಾಲೆ ಬದುಕಿದ್ದು ನಾನು ಕಂಡಿಲ್ಲ. ನೀವು ಬರೋವಾಗ ಕಂಬಳಿ ದಪ್ಪಂದು ತನ್ನಿ ದೊಡ್ಡಮಾವ, ಇಲ್ಲಿ ಗಾಳಿ ಜಾಸ್ತಿ."

ಎಲ್ಲರ ಕತ್ತೂ ಬಂಡೆಯ ಕಡೆ ತಿರುಗಿತು. ಕೆಂಚ ಟಗರು ಭಕ್ತಿಯಿಂದ ನಿಂತೇ ಇತ್ತು. ಆಮೇಲೆ ಎಲ್ಲರ ಕತ್ತೂ ಕ್ಯಾತಯ್ಯನ ಕಡೆ ತಿರುಗಿತು. ಅವನು ಟಗರನ್ನ ನೋಡ್ತಾನೆ, ಹಗ್ಗ ನೋಡ್ತಾನೆ, ಅಂಗೈಯಲ್ಲಿನ ಹಲ್ಲು ನೋಡ್ತಾನೆ. ಹಗ್ಗ ಸುತ್ತೋ ಹಾಗಿಲ್ಲ, ಬಿಡೋ ಹಾಗಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಹಗ್ಗ ಕಟ್ಟೆ ಮೇಲೆ ಕೂತವನ ಕಾಲಿಗೆ ಸುತ್ತಿಕೊಂಡಿತ್ತು. ಕೊನೆಗೆ ಅವನು ಬಗ್ಗಿ ಕಲ್ಲು ಸರಿಸಿ, ಹಗ್ಗದ ಒಂದು ತುದಿ ಹಿಡಿದು ಎಳೆದು, ಈಲಿ ಸುಟ್ಟ ಕೆಂಡದ ಮೇಲೆ ಹಾಕಿದ. ಉಣ್ಣೆ ಸುಟ್ಟ ನಾತ ಎದ್ದಿತು. ಹಗ್ಗ ಸಾಕಾಗೈತೆ ಅಂತ ಬೋರಪ್ಪ ಕನಸಲ್ಲಿ ಹೇಳಿದ್ದ, ಮರೆತಿದ್ದೆ ಅಂದ. ಯಾವತ್ತು ಹೇಳಿದ್ದ ಅಂತ ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಬಂದು ತಮ್ಮ ಮನೆಯ ಎಳೆ ಇದ್ದ ಕಡೆ ಹಿಡಿದು ಹಗ್ಗವನ್ನ ಬೆಂಕಿಗೆ ನೂಕಿದರು. ಗಿರಿಯವ್ವ ಅಷ್ಟರಲ್ಲಿ ಬೇಲಿ ಕಿತ್ತು ದಾರಿ ಮಾಡಿದ್ದಳು.

ಸಣ್ಣಿ ಬಾಲಕ್ಕನನ್ನ ನೋಡಿ ಅಜ್ಜಿಯ ಕುತ್ತಿಗೆಗೆ ಮುಖ ಹುದುಗಿಸಿಕೊಂಡಿತು. ಗಿರಿಯವ್ವ ಕೂಸಿನ ಬೆನ್ನಿಗೆ ತಟ್ಟಿ, ನೋಡೇ, ನಿಮ್ಮವ್ವ ಅಂದಳು. ಕೂಸು ಅಲ್ಲ ಅಂತ ತಲೆಯಾಡಿಸಿತು. ಅವಸರ ಏನೈತೆ, ಬರ್ಲಿ ಬಿಡಿ ಅತ್ತೆ ಅಂದು ಬಾಲಕ್ಕ ಪಕ್ಕದಲ್ಲೇ ನಡೆದುಕೊಂಡು ಬೋರೆ ಇಳಿದಳು. ಕೆಂಚ ಟಗರು ಅದೇ ವಾರ ಬಿತ್ತು. ಅವಳು ಹೇಳಿದ ಹಾಗೇ ಮುಂಗಾರಿನ ತನಕ ಕುರಿಗಳು ಸಾಯ್ತಾ ಹೋದವು. ಯಾರ ಪಾಪ ಅಂತ ಯಾರೂ ಕೇಳಲಿಲ್ಲ. ಕತ್ತಿ ಮುಟ್ಟಿಸಬಾರದು ಅನ್ನೋದೂ ಬಿಟ್ಟುಹೋಯ್ತು. ಸತ್ತದ್ದನ್ನ ಮೊದಲು ಸೀಳಿ, ಈಲಿಯನ್ನ ಮನೆಯ ಸೊಸೆ ಕೈಗೆ ಕೊಟ್ಟು, ನೋಡವ್ವ ಹೆಂಗೈತೆ ಅಂತ ಕೇಳೋದು ರೂಢಿಯಾಯ್ತು. ಒಂದು ಮುಸ್ಸಂಜೆ ಬಾಲಕ್ಕ ಹಾಲು ಕರೀತಿದ್ದಾಗ ಸಣ್ಣಿ ಹಿಂದಿನಿಂದ ಬಂದು ಅವ್ವ ಅಂತು. ಅವಳು ತಿರುಗಿ ನೋಡಲಿಲ್ಲವಂತೆ, ನೋಡಿದರೆ ಮತ್ತೆ ಹೋಗಿಬಿಡತ್ತೇನೋ ಅಂತ.

ಬೋರಪ್ಪ ಈಗಲೂ ಅಲ್ಲೇ ಇದಾನೆ. ಬಂಡೆಯ ಒಂದು ಪಕ್ಕ, ಕುರಿಯ ಹಣೆ ಎತ್ತರಕ್ಕೆ, ಕನ್ನಡಿ ಹಾಗೆ ನಯವಾಗಿ ಸವೆದಿದೆ. ಬಂದವರು ಅಲ್ಲಿ ಕುಂಕುಮ ಹಚ್ಚಿ ಹೋಗ್ತಾರೆ. ಆಚೆ ಕಡೆಯ ಹುಲ್ಲುಗಾವಲಿಗೆ ಹೋಗೋಕೆ ಹಟ್ಟಿಯ ಕುರಿಗಳು ಬೋರೆ ದಾಟಲೇಬೇಕು. ಆದರೆ ಈ ಕಡೆ ಬುಡದಲ್ಲಿ ಅಷ್ಟೂ ಕುರಿಗಳ ಬಾಯಿಗೆ ದಾರದ ಕುಕ್ಕೆ ಕಟ್ಟಿ, ಆ ಕಡೆ ಇಳಿದ ಮೇಲೇ ಬಿಚ್ಚುತಾರೆ. ಹಳದಿ ಹೂವಿನ ನಡುವೆ ನೂರಾರು ಕುರಿ ಬಾಯಿ ಕಟ್ಟಿಸಿಕೊಂಡು, ಸಿಟ್ಟಿನಿಂದ ಮೂಗಲ್ಲಿ ಉಸಿರು ಬಿಡ್ತಾ ಸಾಲಾಗಿ ಹೋಗೋದನ್ನ ನೋಡಿದರೆ ಯಾರಿಗಾದರೂ ಇದೇನೋ ದೊಡ್ಡ ವ್ರತ ಅನ್ನಿಸಬೇಕು. ಫೋಟೋ ತೆಗೆಸಿಕೊಳ್ಳೋಕೆ ಬಂದವರು ಕೈ ಮುಗಿದು, ಏನು ಹರಕೆಯಮ್ಮ ಇದು ಅಂತ ಕೇಳ್ತಾರೆ. ಕುಕ್ಕೆ ಕಟ್ಟುತಿರೋ ಹೆಂಗಸು ಗಂಟು ಬಿಗಿ ಮಾಡಿ, ಮುಂದಿನ ಕುರಿಯ ಕಿವಿ ಹಿಡಿದು ಎಳೆದುಕೊಂಡು, ತಲೆ ಎತ್ತದೇ ಹೇಳ್ತಾಳೆ:

"ಹರಕೆ ಪರಕೆ ಎಂಥದ್ದೂ ಇಲ್ಲ. ಗಿಡ ತಿಂದ್ರೆ ಸಾಯ್ತವೆ."